ಅರವತ್ತೆರಡನೇ ಗಿಡ

...ನಗೋದಾದ್ರೆ ಕಾಲು ನೋಡ್ಕೊಂಡು ನಗಿ ಸುಧಾ ಮೇಡಂ. ನೆಗ್ಗಿಲ ಮುಳ್ಳು. ಅದಕ್ಕೆ ಕಾಲೇಜಲ್ಲಿ ಬಾಟನಿ ಪಾಠ ಮಾಡೋರು, ಮಾಡದೇ ಇರೋರು ಅಂತ ಭೇದ ಇಲ್ಲ. ನಾನು ಹೇಳಿದ್ದು ಸುಳ್ಳು ಅಂತ ತಾನೇ ನಗು? ಹುಲಿಯೂರುದುರ್ಗದ ಬೆಟ್ಟಾನ ಒಂಟಿಕಾಲಲ್ಲಿ ಹತ್ತಿದೋನು ಈ ರುದ್ರಯ್ಯನೇ. ಎಂಟನೇ ವಯಸ್ಸಲ್ಲಿ ಇದೇ ಮರಳಲ್ಲಿ ನೆಗ್ಗಿಲು ಚುಚ್ತು. ಆ ಕಾಲು ಕೆಳಗಿಡೋಕಾಗ್ದೆ ಕುಂಟಾಬಿಲ್ಲೆ ಆಡ್ಕೊಂಡು ಮನೆಗೆ ಹೊರಟೆ. ಎಲ್ಲಿ ನಿಲ್ಬೇಕು ಅಂತ ತಿಳೀಲಿಲ್ಲ, ಬೆಟ್ಟದ ತುದೀಲಿ ನಿಂತೆ. ಇಳಿಯೋವಾಗ ಮುಳ್ಳಿರೋ ಕಾಲಲ್ಲೇ ಇಳಿದೆ. ಒಂದೇ ಕಾಲಿಗೆ ಕೆಲಸ ಕೊಡೋದು ಅನ್ಯಾಯ ಅಲ್ವಾ?

ಹೂಂ, ಹಂಗೆ. ನಗಿ. ಹದಿನಾಲ್ಕು ತಿಂಗಳಾಯ್ತು ಈ ಶಿಂಷಾ ದಂಡೇಲಿ ನಿಮ್ಮ ನಗು ಕೇಳಿ. ಹಾಸನದ ತವರಿಗೆ ಬಾಣಂತನಕ್ಕೆ ಅಂತ ಹೋದೋರು ಇವತ್ತು ಕಂಡ್ರಿ. ಮಗೂಗೆ ಹೆಸರೇನಂದ್ರಿ... ಬಿಂದುಶ್ರೀ. ಒಳ್ಳೇದು. ಕರ್ಕೊಂಡು ಬರ್ಬೇಕಾಗಿತ್ತು. ತುಮಕೂರಿನ ಮರಳೂರಿಂದ ಮೊದಲನೇ ಬಸ್ಸಿಗೆ ಹೊರಟು, ಕುಣಿಗಲ್ಲಲ್ಲಿ ಬಸ್ಸು ಬದಲಾಯಿಸಿ ಅಮೃತೂರಿಗೆ ಬರೋದ್ರೊಳಗೆ ದೊಡ್ಡೋರೇ ಹಣ್ಣಾಗ್ತಾರೆ, ಮಗು ಗತಿ ಏನು ಅಂತೀರ. ಅದೂ ಸರಿಯೇ.

ಆ ಚೀಲ ಇತ್ಲಾಗೆ ಕೊಡಿ, ನಾನು ಹೊತ್ಕೊತೀನಿ. ಬೇಡ್ವಾ? ಬುಡಿ, ಬುಡಿ. ಅದರೊಳಗೇನೈತೆ ಅಂತ ನಂಗೊತ್ತು. ಪುಸ್ತಕ. ಪ್ರೆಸ್ಸಿಂದ ಬಂದ ಮೊದಲನೇ ಪುಸ್ತಕಾನ ಹನುಮಕ್ಕನ ಕೈಗೇ ಕೊಡ್ಬೇಕು ಅಂತ ಹೊತ್ಕೊಂಡು ಬಂದಿದೀರ. ಮೊನ್ನೆ ಫೋನಲ್ಲಿ ನೀವು ಹಂಗಂದಾಗ ನಾನೇನಂದೆ? ಬನ್ನಿ, ಮೊದಲು ಸುತ್ತು ಹೋಗೋಣ, ಆಮೇಲೆ ಕೊಡೋರಂತೆ ಅಂದೆ. ಮರಳು, ಆಮೇಲೆ ಹುಲ್ಲುಗಾವಲು, ಕೊನೇಗೆ ಹಿನ್ನೀರಿನ ಜೌಗು. ಅವಳ ಸುತ್ತಿನ ಕ್ರಮ ಅದೇ ತಾನೇ? ಹನುಮಿ ಮುಂದೆ ಹೋಗವ್ಳೆ. ಹೆಂಡ್ತಿ ಮುಂದೆ, ಗಂಡ ಹಿಂದೆ, ನಮ್ಮನೇಲಿ ಮೊದಲಿಂದ್ಲೂ ಅದೇ ಪದ್ಧತಿ.

ಈಗ ಭಾನುವಾರ ಭಾನುವಾರ ಪಾರ್ಟಿಗಳು ಬರ್ತಾರೆ ಮೇಡಂ. ತುಮಕೂರಿಂದ, ಬೆಂಗಳೂರಿಂದ, ಟೋಪಿ ಹಾಕ್ಕೊಂಡು, ಬಾಟ್ಲಿ ನೇತಾಕ್ಕೊಂಡು. ಎಲ್ಲಾರೂ ನನ್ನ 'ಮಾವ' ಅಂತಾರೆ. ನೀವು ಹಿಡಿಸಿದ ಅಭ್ಯಾಸ ಅದು. ಗೈಡು ನಾನೇ. ಅರ್ಧ ಗಿಡಕ್ಕೆ ಹೆಸರು ಹೇಳ್ತೀನಿ, ಮಿಕ್ಕಿದ್ದಕ್ಕೆ ಕಥೆ ಹೇಳ್ತೀನಿ. ಕಥೆ ಕೇಳಿದೋರೇ ಜಾಸ್ತಿ ಫೋಟೋ ಹೊಡ್ಕೊತಾರೆ.

ಇಗೋ, ಲಾವಂಚ. ಬಗ್ಗಿ ಬೇರು ಮೂಸಿ ನೋಡಿ. ಒಂದ್ಸಲ ಹನುಮಿ ಇದನ್ನ ಹಂಡೇಲಿ ಹಾಕಿ ಕಾಯಿಸಿ ನನ್ನ ತಲೆಗೆ ಹುಯ್ದಿದ್ಲು. ಅವತ್ತು ಕುಣಿಗಲ್ ಬಸ್ಸು ಹತ್ತಿದೆ ನೋಡಿ, ಇಡೀ ಬಸ್ಸು ತಿರುಗಿ ಕೂತ್ಕೊಳ್ತು. ಕಂಡಕ್ಟರು ಕೈ ಮುಗಿದು, ಸ್ವಾಮೀ ಯಾವ ಮಠದೋರು ಅಂತ ಕೇಳಿದ. ನಾನೂ ಆಶೀರ್ವಾದ ಮಾಡ್ದೆ. ಇಳಿಯೋ ಹೊತ್ಗೆ ಮೂರು ಜನ ಜಾತ್ಕ ತೋರ್ಸಿದ್ರು.

ಯಾಕೆ, ನಗ್ಲಿಲ್ಲ? ಹಳೇದಾಯ್ತಾ? ಇರ್ಲಿ, ಹುಲ್ಲುಗಾವಲಲ್ಲಿ ಹೊಸದು ಐತೆ. ಬನ್ನಿ, ಈ ಲಕ್ಕಿ ಗಿಡ ಹಿಡ್ಕೊಂಡು ಹತ್ತಿ. ಜೋಪಾನ.

ಬಂದ್ವಿ. ನೋಡಿ ಹೆಂಗೈತೆ. ಇಬ್ಬನಿ ಇನ್ನೂ ಆರಿಲ್ಲ. ಆಚೆ ಹೊಲದಿಂದ ಅವರೆಕಾಯಿ ಸೊಗಡು ಬರ್ತೈತೆ. ನೀವು ಬಗ್ಗಿ ಕೂತ್ಕೊಂಡು, ಒಂದೊಂದು ಎಲೇನೂ ಮಗು ಕಿವಿ ಹಿಡಿದಂಗೆ ಹಿಡ್ಕೊಂಡು ಬರ್ಕೊತಿದ್ದ ಜಾಗ ಇದೇ. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು... ಪಟ್ಟಣದೋರಿಗೆಲ್ಲಾ ಇದು ಹುಲ್ಲು. ಹನುಮಿ ಹಿಂಗೆ ನಡ್ಕೊಂಡು ಹೋಗ್ತಾ ಹೋಗ್ತಾನೇ ಮಡಿಲು ತುಂಬ್ಕೊಳೋಳು. ಬೆರಕೆ ಸೊಪ್ಪು ಅಂದ್ರೆ ಕೈಗೆ ಸಿಕ್ಕಿದ್ದೆಲ್ಲ ಕಿತ್ಕೊಳೋದಲ್ಲ ಕಣಮ್ಮ, ಒಂದು ಕಹಿ ಇದ್ರೆ ಎರಡು ಸಪ್ಪೆ ಇರ್ಬೇಕು, ಒಂದು ಲೋಳೆ ಇದ್ರೆ ಒಂದು ಒಗರು ಇರ್ಬೇಕು ಅಂತ ನಿಮಗೆ ಹೇಳ್ಕೊಟ್ಟಿದ್ಲು. ನೀವು ಅದನ್ನೂ ಬರ್ಕೊಂಡ್ರಿ. ಅವಳು ಕೆಮ್ಮಿದ್ರೂ ಬರ್ಕೊತಿದ್ರಿ.

ಮುನಿಸಲ್ಲ ಮೇಡಂ, ಇರೋ ಮಾತು ಹೇಳ್ತಿದೀನಿ. ಮೂರು ವರ್ಷ ನೀವು ಬಂದ್ರಿ. ಮುಂದೆ ಅವಳು, ಮಧ್ಯ ನೀವು, ಹಿಂದೆ ಚೀಲ ಹೊತ್ಕೊಂಡು ನಾನು. ನಾನೂ ಒಂದೆರಡು ಗಿಡದ ಹೆಸರು ಹೇಳೋಕೆ ಹೋದೆ. ಹನುಮಿ ಅಡ್ಡಗಾಲು ಹಾಕಿದ್ಲು. ಸೊಪ್ಪಿನ ಹೆಂಗಸರದ್ದು ಒಂದು ಕಟ್ಟಳೆ ಐತಲ್ಲ, ಹೆಸರು ಹೇಳಿದೋರು ಗಿಡ ತೋರಿಸ್ಬೇಕು. ತೋರಿಸೋಕಾಗ್ದಿದ್ರೆ ಬಾಯಿ ಮುಚ್ಕೊಂಡಿರ್ಬೇಕು. ಯಾಕಂದ್ರೆ ಅದು ಯಾರದೋ ಮನೆ ಸಾರಿನ ಮಡಿಕೆಗೆ ಹೋಗೋದು. ಹೆಸರು ತಪ್ಪಿದ್ರೆ ಒಂದು ಮನೇನೇ ಮಲಗುತ್ತೆ. 'ಸುಮ್ಕಿರಯ್ಯ, ನಿನ್ನ ಕಥೇನ ಸಾರಿಗೆ ಹಾಕೋಕಾಗಲ್ಲ' ಅಂದ್ಬುಟ್ಲು ನಿಮ್ಮ ಮುಂದೇನೇ. ನೀವು ನಕ್ರಿ. ನಾನೂ ನಕ್ಕೆ. ಎಲ್ಲಾರಿಗಿಂತ ಜೋರಾಗಿ ನಾನೇ ನಕ್ಕಿದ್ದು.

ಅಂದಂಗೆ, ಕೊನೇಗೆ ಒಟ್ಟು ಎಷ್ಟು ಗಿಡ ಆಯ್ತು ಪುಸ್ತಕದಲ್ಲಿ? ಅರವತ್ತೊಂದು ತಾನೇ?

ಅರವತ್ತೆರಡಾ.

ಓ... ಅದನ್ನೂ ಹಾಕಿದ್ರಾ. ಕೈಗೆ ಸಿಗದೇ ಇದ್ದ ಗಿಡ ಅದು, ಹಾಕಲ್ಲ ಅಂದ್ಕೊಂಡಿದ್ದೆ. ಮಾದರಿ ಸಿಕ್ಕಿಲ್ಲ ಅಂತ ಕೆಳಗೆ ಬರೆದಿದೀರಾ. ಹೂಂ... ಏನೂ ಇಲ್ಲ. ಬಿಸಿಲು. ಬೆವರು ಅಷ್ಟೇ.

ಇಲ್ನೋಡಿ, ಮುಟ್ಟಿದರೆ ಮುನಿ! ಬೇರೆಯೋರು ಮುಟ್ಟಿದ್ಮೇಲೆ ಮುದುಡ್ಕೊಳುತ್ತೆ, ನಾನು ಆ ತಿರುವಲ್ಲಿ ಬರ್ತಿದ್ದಂಗೇ ಇಡೀ ಬಯಲೇ ಮುದುಡ್ಕೊಂಡು ಸೆರಗು ಹೊದ್ಕೊಳುತ್ತೆ, ಹೊಸ ಸೊಸೆ ಮಾವನ್ನ ಕಂಡಂಗೆ. ಒಂದ್ಸಲ ನಾನು ಕೆಮ್ಮಿದ್ದಕ್ಕೆ ಆಚೆ ದಡದಲ್ಲಿರೋದೂ... ಆಚೆ ದಡದಲ್ಲಿರೋದೂ ಮುದುಡ್ಕೊಂಡ್ತು. ಬುಡಿ. ಸರಿಯಾಗಿ ಬರ್ಲಿಲ್ಲ ಅದು. ಭಾನುವಾರದೋರಿಗೆ ಹೇಳೋವಾಗ ಚೆನ್ನಾಗಿ ಬರುತ್ತೆ.

ನಡೀರಿ. ಜೌಗು ಬಂತು. ವಾಸನೆ ಬಂತಲ್ಲ? ಕೆಸರು, ಕೊಳೆತ ಅಂತರಗಂಗೆ. ನೀವು ಇದನ್ನ ಉಸಿರು ತುಂಬ ಎಳ್ಕೊಂಡು, ಮಾವ, ಇದು ಕೆಟ್ಟ ವಾಸನೆ ಅಲ್ಲ, ಬದುಕಿರೋ ವಾಸನೆ ಅಂತಿದ್ರಿ. ನಿಲ್ಲಿ, ಅಲ್ಲೇ ನಿಲ್ಲಿ. ಲಕ್ಕಿ ಕಡ್ಡಿ ನೆಟ್ಟು ಹಗ್ಗ ಕಟ್ಟಿದೀನಿ ನೋಡಿ, ಅದರಾಚೆ ಬೇಡ. ಯಾವ ಪಾರ್ಟಿ ಬಂದ್ರೂ ಆಚೆಗೆ ಬಿಡಲ್ಲ ನಾನು. ಬೇಕಾದ್ದೆಲ್ಲ ಈಚೇನೇ ಐತೆ. ಇಗೋ ಒಂದೆಲಗ, ಇಗೋ ಹೊನಗೊನ್ನೆ. ಅಗೋ, ದೂರದಲ್ಲಿ ನೈದಿಲೆ. ಜೊಂಡು ನೋಡಿ, ಆಳೆತ್ತರ ಬೆಳೆದೈತೆ.

ಹನುಮಿ ಇಲ್ಲೇ ಎಲ್ಲೋ... ಮುಂದೆ ಹೋಗಿರ್ಬೇಕು. ತೂಬಿನ ಕಡೆ. ಇನ್ನೊಂದು ಚೂರು ನಡೆದ್ರೆ...

ಮೇಡಂ.

ಒಂದು ಮಾತು. ಬಸ್ಸಿಳಿದು ಮೂರು ಗಂಟೆ ಆಯ್ತು ನೀವು. ಪುಸ್ತಕ ಅವಳ ಕೈಗೇ ಕೊಡ್ಬೇಕು ಅಂತ ಬಂದೋರು. ಮರಳು ಮುಗೀತು, ಹುಲ್ಲುಗಾವಲು ಮುಗೀತು. ಹನುಮಕ್ಕ ಎಲ್ಲಿ ಅಂತ ಒಂದ್ಸಲನೂ ಕೇಳ್ಲಿಲ್ಲ ನೀವು.

ಅಮೃತೂರಲ್ಲಿ ಟೀ ಕುಡಿದ್ರಾ? ಗಂಗಣ್ಣನ ಅಂಗಡೀಲಿ.

ಹೂಂ. ಗಂಗಣ್ಣ ಹೇಳ್ದ.

ಹಂಗಾದ್ರೆ ನಾನು 'ಮುಂದೆ ಹೋಗವ್ಳೆ, ಮುಂದೆ ಹೋಗವ್ಳೆ' ಅನ್ನೋವಾಗೆಲ್ಲ ನೀವು ಹೂಂ ಅಂದಿದ್ದು... ಆ ನೆಗ್ಗಿಲ ಮುಳ್ಳಿನ ಕಥೆಗೆ ನಕ್ಕಿದ್ದೂ... ಎಲ್ಲ ಈ ಮುದುಕನ ಮುಖ ಉಳಿಸೋಕಾ? ಎಂಥ ಹೆಣ್ಣುಮಗಳು ನೀವು. ನಾನೇ ದೊಡ್ಡ ನಾಟಕಗಾರ ಅಂದ್ಕೊಂಡಿದ್ದೆ.

ಹದಿನಾಲ್ಕು ತಿಂಗಳಾಯ್ತು. ನೀವು ಹಾಸನಕ್ಕೆ ಹೋದ ಕಾರ್ತೀಕದಲ್ಲೇ ಅವಳೂ ಹೋದ್ಲು. ನೀವು ಫೋನ್ ಮಾಡ್ದಾಗೆಲ್ಲ ಹೊಲದಲ್ಲವ್ಳೆ, ಮಲಗವ್ಳೆ, ಮಗಳ ಮನೆಗೆ ಗುಬ್ಬಿಗೆ ಹೋಗವ್ಳೆ ಅಂದೆ. ಏಳು ತಿಂಗಳ ಬಸುರಿ ನೀವು, ಹೆಂಗ್ ಹೇಳ್ಲಿ? ಆಮೇಲೆ ಹಸೀ ಬಾಣಂತಿ, ಆಗ ಹೆಂಗ್ ಹೇಳ್ಲಿ? ಆಮೇಲೆ... ಆಮೇಲೆ ಅಭ್ಯಾಸ ಆಗೋಯ್ತು. ನಿಮ್ಮ ಫೋನ್ ಇಟ್ಮೇಲೆ ಎರಡು ನಿಮಿಷ ಅವಳು ಗುಬ್ಬೀಲೇ ಇರೋಳು ನಂಗೂ.

ಗಂಗಣ್ಣ ಎಲ್ಲಾ ಹೇಳಿರ್ತಾನೆ. ಸೊಪ್ಪಿಗೆ ಅಂತ ಒಬ್ಳೇ ಬಂದ್ಲು. ಬೇಸಿಗೇಲಿ ಯಾರೋ ಮಿಷನ್ನು ತಂದು ಗೋಡುಮಣ್ಣು ತೆಗೆದು ಹೋಗಿದ್ರು, ಮಳೆಗಾಲ ಮುಗಿಯೋ ಹೊತ್ಗೆ ಆ ಗುಂಡಿ ಮೇಲೆ ನೀರು ನಿಂತು, ನೀರ ಮೇಲೆ ಅಂತರಗಂಗೆ ಹಬ್ಬಿ ನೆಲದಂಗೇ ಆಗಿತ್ತು. ಕಾಲು ಜಾರ್ತು. ರುದ್ರಯ್ಯ ಆವತ್ತು ಕುಣಿಗಲ್ಲಿಗೆ ಹೋಗಿದ್ದ, ಪಾಪ. ಹಂಗೇ ಅಂದಿರ್ತಾನೆ. ಸರಿಯಾಗೇ ಹೇಳವ್ನೆ ಬುಡಿ.

ಬಿಸಿಲೇರ್ತು. ಹೋಗಾಣ ಬನ್ನಿ ಮನೆಗೆ. ಮಗಳು ಮಂಗಳಗೌರಿ ಮಧ್ಯಾಹ್ನದ ಬಸ್ಸಿಗೆ ಗುಬ್ಬಿಯಿಂದ ಬರ್ತವ್ಳೆ. ಅವ್ವನ ಪುಸ್ತಕ ನಾನೂ ನೋಡ್ಬೇಕು ಅಂತ ರಜಾ ಹಾಕವ್ಳೆ. ಬನ್ನಿ.

ಬನ್ನಿ ಅಂದ್ನಲ್ಲ.

ಯಾಕೆ ಹಂಗೆ ಜೊಂಡಿನ ಕಡೆಗೇ ನೋಡ್ತಾ ನಿಂತ್ರಿ?

...ಏನಾದ್ರೂ ಅನ್ನಿ ಮೇಡಂ. ಪಾಪ ಅನ್ನಿ. ಹಣೆಬರಹ ಅನ್ನಿ. ಎಲ್ಲಾರೂ ಅಂದ್ರು. ನೀವು ಅಂದ್ರೆ ನಿಮ್ಮ ಬಾಯೇನು ಸವೆಯಲ್ಲ.

ಗೊತ್ತು. ಯಾಕೆ ಅನ್ನಲ್ಲ ಅಂತ ಗೊತ್ತು ನಂಗೆ. ಮೂರು ವರ್ಷ ಅವಳ ಹಿಂದೆ ನಡೆದೋರು ನೀವು. ಆ ಜೊಂಡೊಳಗೆ ತಿನ್ನೋ ಸೊಪ್ಪು ಒಂದೆಲೇನೂ ಇಲ್ಲ. ಒಂದೆಲಗ, ಹೊನಗೊನ್ನೆ, ಎಲ್ಲಾ ಈ ದಂಡೇಲಿ, ಪಾದ ನೆನೆಯೋಷ್ಟು ನೀರಲ್ಲಿ. ನಲವತ್ತು ವರ್ಷ ಇಲ್ಲಿ ಸೊಪ್ಪು ಕಿತ್ತೋಳು ಒಂದು ದಿನ ಮೊಣಕಾಲಿಗಿಂತ ಮೇಲೆ ಸೀರೆ ನೆನೆಸ್ಕೊಂಡೋಳಲ್ಲ. ಸೊಪ್ಪಿಗೆ ಬಂದೋಳು ಅಷ್ಟು ದೂರ, ಅಷ್ಟು ಒಳಕ್ಕೆ ಯಾಕೆ ಹೋದ್ಲು? ಪೊಲೀಸ್ನೋರು ಕೇಳ್ಲಿಲ್ಲ ಇದನ್ನ. ಊರೋರು ಕೇಳ್ಲಿಲ್ಲ. ಹೆತ್ತ ಮಗಳು ಕೇಳ್ಲಿಲ್ಲ. ನೀವು ಬಾಯೇ ತೆಗೀದೆ ಕೇಳ್ತಾ ನಿಂತಿದೀರಿ.

ಕೂತ್ಕೊಂಡ್ಬುಡ್ತೀನಿ ಇಲ್ಲೇ.

ಹಗಲುಚುಕ್ಕಿ ಅನ್ನೋ ಗಿಡ ಇಲ್ಲ ಸುಧಮ್ಮ.

ನಿಮ್ಮ ಪುಸ್ತಕದ ಅರವತ್ತೆರಡನೇದು. ಇಲ್ಲ ಅದು. ಜೊಂಡಿನೊಳಗೆ ಬೆಳೆಯುತ್ತೆ, ವರ್ಷಕ್ಕೊಂದು ದಿನ ನಡು ಮಧ್ಯಾಹ್ನ ನಕ್ಷತ್ರದಂಗೆ ಬಿಳಿ ಹೂ ಬಿಡುತ್ತೆ, ಸಂಜೆಗೆ ನೀರೊಳಗೆ ಎಳ್ಕೊಳುತ್ತೆ, ಎಲೆ ಸಾರು ಮಾಡಿದ್ರೆ ಬಾಣಂತಿಗೆ ಹಾಲು ಜಾಸ್ತಿ ಅಂತ ನಾನು ಫೋನಲ್ಲಿ ಹೇಳಿದ್ನಲ್ಲ. ನೀವು ಹಾಸನದಿಂದ ಫೋನ್ ಮಾಡಿದ್ರಿ. ಹನುಮಿ ಒಲೆ ಮುಂದೆ ಇದ್ಲು, ನಾನು ಎತ್ಕೊಂಡೆ. ಮಾವ, ಅರವತ್ತೊಂದಾಯ್ತು, ಲಿಸ್ಟು ಮುಗೀತು ಅಂದ್ರಿ. ನನ್ನ ತಲೇಲಿ ಏನಾಯ್ತೋ. ಅರವತ್ತೊಂದೂ ಅವಳದ್ದು. ಒಂದಾದ್ರೂ ನಂದಿರ್ಲಿ ಅನ್ನಿಸ್ತು. ಒಂದೇ ಒಂದು. ಕೆಳಗೆ ಸಣ್ಣ ಅಕ್ಷರದಲ್ಲಿ 'ಹೇಳಿದವರು ರುದ್ರಯ್ಯ' ಅಂತ ಇರ್ಲಿ ಅನ್ನಿಸ್ತು. ನಾಲಿಗೇಗೆ ಬಂದಿದ್ದನ್ನ ಬುಟ್ಟೆ. ನೀವು ನಗ್ತೀರ ಅಂದ್ಕೊಂಡೆ. ನಗ್ಲಿಲ್ಲ ನೀವು. ಪೆನ್ನು ಹುಡುಕಿದ್ರಿ. ಹೆಸರು ಇನ್ನೊಂದ್ಸಲ ಹೇಳಿ ಮಾವ ಅಂದ್ರಿ.

ನನ್ನ ಮಾತನ್ನ ಯಾರೂ ಯಾವತ್ತೂ ಬರ್ಕೊಂಡಿರ್ಲಿಲ್ಲ ಸುಧಮ್ಮ.

ನಿಮ್ದೇನೂ ತಪ್ಪಿಲ್ಲ, ಅದಕ್ಕೆ ಹೇಳ್ತಿಲ್ಲ. ಅಳ್ಬೇಡಿ. ಕೇಳಿ.

ಫೋನ್ ಇಟ್ಟೆ. ಹನುಮಿ ಎಲ್ಲಾ ಕೇಳಿಸ್ಕೊಂಡಿದ್ಲು. ಸುಮ್ಕಿರಯ್ಯ ಅಂತಾಳೆ, ಮುದ್ದೆ ಕೋಲಲ್ಲಿ ಒಂದು ಬಿಡ್ತಾಳೆ ಅಂತ ಕಾಯ್ತಿದ್ದೆ. ಅವಳು ಎದ್ದು ಬಂದು ನನ್ನ ಎದುರಿಗೆ ಕೂತ್ಲು. 'ಎಲ್ಲೈತೆ ಅದು? ನಾನು ನೋಡೇ ಇಲ್ವಲ್ಲ' ಅಂದ್ಲು.

ನಲವತ್ತು ವರ್ಷದಲ್ಲಿ ಅವಳು ನನ್ನನ್ನ ಒಂದು ಗಿಡದ ವಿಷಯ ಕೇಳಿದ್ದು ಅದೇ ಮೊದಲು. ಮುಖ ಸಣ್ಣಗಾಗಿತ್ತು, ಏನೋ ಕಳ್ಕೊಂಡೋಳ ಹಂಗೆ. ಸುಳ್ಳು ಕಣೇ, ತಮಾಷೆಗಂದೆ ಅನ್ನೋದು ಎಷ್ಟೊತ್ತಿನ ಕೆಲಸ? ಅನ್ಲಿಲ್ಲ. ಮೀನು ಹಿಡಿಯೋಕೆ ಹೋದಾಗ ನೋಡಿದ್ದೆ ಅಂದೆ. ಹೆಸರು ಹೇಳಿದೋನು ತೋರಿಸ್ಬೇಕು, ಆ ಹುಡುಗಿ ಪುಸ್ತಕದಲ್ಲಿ ಹಾಕ್ತಾಳೆ, ಬೆಳಗ್ಗೇನೇ ನಡಿ ಅಂದ್ಲು. ರಾತ್ರಿಯೆಲ್ಲ ನನಗೆ ಒಳಗೊಳಗೇ ಖುಷಿ. ನಾಳೆ ಜೌಗಿನ ತನಕ ನಡೆಸಿ, ಅಲ್ಲಿ ನಿಂತು, ಮೋಸ ಹೋದ್ಯಾ ಅಂತ ಚಪ್ಪಾಳೆ ತಟ್ಬೇಕು. ವರ್ಷಪೂರ್ತಿ ಹೇಳ್ಕೊಂಡು ನಗಬಹುದು ಅಂತ.

ಕುಣಿಗಲ್ಲಿಗೆ ಹೋಗಿರ್ಲಿಲ್ಲ ನಾನು. ಇಲ್ಲೇ ಇದ್ದೆ. ಈಗ ನೀವು ನಿಂತಿದೀರಲ್ಲ, ಆ ಜಾಗದಲ್ಲಿ.

ಅವಳು ಸೀರೆ ಎತ್ತಿ ಕಟ್ಕೊಂಡು ಇಳಿದ್ಲು. ನಾನು ದಡದಲ್ಲಿ ನಿಂತು ಕೈ ತೋರಿಸ್ತಿದ್ದೆ. ಎಡಕ್ಕೆ, ಇನ್ನೂ ಎಡಕ್ಕೆ, ಆ ದಪ್ಪ ಜೊಂಡಿನ ಹಿಂದೆ. ತಿರುಗಿ 'ಇಲ್ಲೇನಾ?' ಅಂದ್ಲು. ನನಗೆ ನಗು ತಡ್ಕೊಳೋಕಾಗ್ತಿರ್ಲಿಲ್ಲ. ಇನ್ನೊಂದು ಹೆಜ್ಜೆ, ಆಮೇಲೆ ಹೇಳ್ಬುಡ್ತೀನಿ ಅಂದ್ಕೊಂಡೆ.

'ಇನ್ನೊಂದು ಹೆಜ್ಜೆ' ಅಂದೆ.

...ಶಬ್ದ ಏನೂ ಆಗ್ಲಿಲ್ಲ ಸುಧಮ್ಮ. ಅಂತರಗಂಗೆ ಒಂದ್ಸಲ ಬಿಟ್ಕೊಂಡ್ತು, ಮತ್ತೆ ಕೂಡ್ಕೊಂಡ್ತು. ನನಗಿಂತ ಜೋರಾಗಿ ತಮಾಷೆ ಮಾಡ್ತವ್ಳೆ ಅಂದ್ಕೊಂಡೆ. ಎಷ್ಟೊತ್ತು ಹಂಗಂದ್ಕೊಂಡು ನಿಂತಿದ್ನೋ. ನಂಗೆ ಈಜೋಕೆ ಬರಲ್ಲ. ಪಾರ್ಟಿಯೋರಿಗೆ ಪ್ರವಾಹದಲ್ಲಿ ಎರಡು ಕರು ಹೊತ್ಕೊಂಡು ದಾಟಿದೆ ಅಂತ ಹೇಳ್ತೀನಿ. ಸೊಂಟದ ತನಕ ಇಳಿದೆ, ಕಾಲಡಿ ಮಣ್ಣು ಜರಿದಂಗಾಯ್ತು, ಹೆದರಿ ಹಿಂದಕ್ಕೆ ಬಂದೆ. ಹಿಂದಕ್ಕೆ ಬಂದೆ ನಾನು. ಜನಾನ ಕರ್ಕೊಂಬರೋಕೆ ಓಡೋವಾಗ ದಾರೀಲೇ ಸುಳ್ಳು ರೆಡಿಯಾಗಿತ್ತು. ಈಗ ತಾನೇ ಕುಣಿಗಲ್ಲಿಂದ ಬಂದೆ, ಹನುಮಿ ಕಾಣ್ತಿಲ್ಲ ಅಂದೆ. ಬದುಕೆಲ್ಲ ಸುಳ್ಳು ಹೇಳಿದೋನಲ್ವಾ, ಒಂದನ್ನೂ ಯಾರೂ ನಂಬಿದ್ದಿಲ್ಲ. ಅದೊಂದನ್ನ ಎಲ್ಲಾರೂ ನಂಬಿದ್ರು.

ಗೌರಿ ಬಂದಾಗೆಲ್ಲ ನನ್ನ ಕೈ ಹಿಡ್ಕೊಂಡು ಅಳ್ತಾಳೆ. ಅಪ್ಪಾ, ನೀನು ಊರಲ್ಲಿದ್ದಿದ್ರೆ ಅವ್ವ ಉಳಿಯೋಳು ಅಂತಾಳೆ. ಸಮಾಧಾನ ನಾನೇ ಮಾಡ್ತೀನಿ. ಅನ್ನ ಕಲಸಿ ತುತ್ತು ಕೊಡ್ತಾಳೆ, ತಿಂತೀನಿ.

ಇಷ್ಟೇ. ಇನ್ನೇನೂ ಇಲ್ಲ. ಈಗಲಾದ್ರೂ ಮಾತಾಡಿ. ಬೈರಿ. ಎದ್ದು ಹೊರಟೋಗಿ ಬೇಕಾದ್ರೆ.

ಪುಸ್ತಕ ಯಾಕೆ ತೆಗೆದ್ರಿ? ಬೇಡ, ನಾನು ನೋಡಲ್ಲ. ...ಇದು ಹನುಮಿನಾ ಮುಂದುಗಡೆ ಇರೋದು? ಮಡಿಲು ತುಂಬ ಸೊಪ್ಪಿಟ್ಕೊಂಡು. ನಗ್ತವ್ಳೆ. ಯಾವಾಗ ತೆಗೆದ್ರಿ ಈ ಫೋಟೋನ? ಯಾರೋ ಪಕ್ಕದಲ್ಲಿ ಏನೋ ಅಂದಿರ್ಬೇಕು, ಅದಕ್ಕೇ ಹಂಗೆ ನಗ್ತವ್ಳೆ.

ಕೊನೇ ಹಾಳೆ ಇದೇನಾ. ಹಗಲುಚುಕ್ಕಿ. ಹೇಳಿದವರು... ಹೂಂ. ಸಣ್ಣ ಅಕ್ಷರ ಏನಿಲ್ಲ, ದಪ್ಪಕ್ಕೇ ಹಾಕಿದೀರ.

ಇದೇನು, ಪೆನ್ನು ಯಾಕೆ?

ನಾನಾ? ನಾನೇ ಗೀಟು ಹೊಡೀಬೇಕಾ?

ಇದೊಂದಕ್ಕಾ, ಎಲ್ಲಾದಕ್ಕೂನಾ? ಐನೂರು ಅಚ್ಚಾಗೈತೆ ಅಂದಿದ್ರಿ ಫೋನಲ್ಲಿ. ಮಾತಾಡಲ್ಲ ಅಲ್ವಾ ನೀವು. ಸರಿ. ಸರಿ, ಕೊಡಿ. ಐನೂರಕ್ಕೂ ಹೊಡೀತೀನಿ. ಗೀಟು ಸೊಟ್ಟಗಾಗುತ್ತೆ, ಆಗ್ಲಿ. ಯಾವನೋ ಒಬ್ಬ ಇದನ್ನ ಓದಿ, ಬಾಣಂತಿ ಹೆಂಡ್ತಿಗೆ ಅಂತ ಜೊಂಡಿಗೆ ಇಳಿಯೋದು ಬೇಡ.

ಗೌರಿ ಕೇಳ್ತಾಳೆ. ಮೊದಲನೇ ಪುಸ್ತಕ ಅವಳಿಗೇ ತಾನೇ ಹೋಗೋದು? ಅಪ್ಪಾ, ಇದನ್ನ ಯಾಕೆ ಹೊಡೆದಾಕಿದೀಯ ಅಂತ ಕೇಳೇ ಕೇಳ್ತಾಳೆ. ಅವ್ವನ ಮಗಳು ಅವಳು, ಬುಡಲ್ಲ.

ನೀವು ಪಕ್ಕದಲ್ಲಿರಿ ಸುಧಮ್ಮ. ಬಾಯಿ ತೆಗೀಬೇಡಿ. ಈಗ ನಿಂತಿದ್ರಲ್ಲ, ಹಂಗೇ ನನ್ನ ಕಡೆ ನೋಡ್ಕೊಂಡು ನಿಂತಿರಿ, ಸಾಕು. ನೀವು ಒಂದು ಮಾತಾಡಿದ್ರೂ ನಾನು ಕಥೆ ಶುರು ಮಾಡ್ಬುಡ್ತೀನಿ.